ಮದುವೆಯಾಗದ ಚಿಕ್ಕಪ್ಪನ ತೋಟ, ಠೇವು, ಸಾಲ: ಯಾವುದನ್ನು ಮೊದಲು ಹಿಡಿಯಬೇಕು? (ಶಿರಸಿ)

ಸೋಂದಾ_ರಸ್ತೆ (ಪ್ರಶ್ನೆ)

ಶಿರಸಿ ತಾಲೂಕು. ಅಪ್ಪನ ತಮ್ಮ, 58 ವರ್ಷ, ಮದುವೆಯಾಗಿರಲಿಲ್ಲ. ನವೆಂಬರ್ 2025ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಉಯಿಲು ಬರೆದಿಟ್ಟಿಲ್ಲ. ಅಜ್ಜ, ಅಜ್ಜಿ ಇಬ್ಬರೂ ಈಗಿಲ್ಲ. ಇರುವವರು ನನ್ನ ಅಪ್ಪ ಮತ್ತು ಕುಮಟಾಕ್ಕೆ ಕೊಟ್ಟ ಅತ್ತೆ. ದೊಡ್ಡಪ್ಪ 2016ರಲ್ಲೇ ತೀರಿಕೊಂಡಿದ್ದಾರೆ, ಅವರ ಮಗ ಬೆಂಗಳೂರಿನಲ್ಲಿದ್ದಾನೆ.

ಚಿಕ್ಕಪ್ಪನ ಹೆಸರಿನಲ್ಲಿ ಇರುವುದು: ನೋಂದಾಯಿತ ವಿಭಾಗ ಪತ್ರದಲ್ಲಿ ಬಂದ 18 ಗುಂಟೆ ಅಡಿಕೆ ತೋಟ, ಹಳೇ ಮನೆಯಲ್ಲಿ ಅರ್ಧ, ರಾಷ್ಟ್ರೀಕೃತ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ 1,12,000 ರೂ. (ನಾಮಿನಿ ಇಲ್ಲ), ಊರ ಸೊಸೈಟಿಯಲ್ಲಿ 1,50,000 ಮುದ್ದತು ಠೇವು, ಅಂದರೆ ಎಫ್‌ಡಿ (ನಾಮಿನಿ ದೊಡ್ಡಪ್ಪನ ಮಗ), ಅಂಚೆ ಕಚೇರಿಯಲ್ಲಿ 60,000 (ನಾಮಿನಿ ಇಲ್ಲ), ಒಂದು ಸ್ಕೂಟರ್.

ಕೊಡಬೇಕಾದದ್ದು: ಅದೇ ಸೊಸೈಟಿಯಲ್ಲಿ ಬೆಳೆಸಾಲ 85,000. ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೇ ಬಂಗಾರದ ಸಾಲ 70,000. ಆಸ್ಪತ್ರೆಯ ಬಾಕಿ 42,000, ಎಲ್ಲ ಕಡೇ ತಿಂಗಳದ್ದೇ. ಕೊನೆಗೌಡನಿಗೂ (ಅಡಿಕೆ ಗೊನೆ ಕೊಯ್ಯುವವ) ತೋಟದ ಆಳಿಗೂ ಸೇರಿ ಕೂಲಿ 9,600. ಕಿರಾಣಿ ಉದ್ರಿ 7,300. ಎರಡು ಪ್ರೊನೋಟು (ಕೇಳಿದಾಗ ಕೊಡುತ್ತೇನೆಂದು ಬರೆದುಕೊಟ್ಟ ಸಾಲದ ಕಾಗದ): ಒಂದು ಲಕ್ಷದ್ದು 12 ಅಕ್ಟೋಬರ್ 2021ರದ್ದು, ಐವತ್ತು ಸಾವಿರದ್ದು 2024ರದ್ದು. ಇದರ ಮೇಲೆ ನೆರೆಮನೆಯವರ 1.5 ಲಕ್ಷದ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದಾರೆ.

ಒಂದು ಲಕ್ಷ ಕೊಟ್ಟವರು "ಹಳೇ ಕಾಗದ ಹರಿದು ನಿಮ್ಮ ಹೆಸರಲ್ಲಿ ಹೊಸತು ಬರೆದುಕೊಡಿ, ಬಡ್ಡಿ ಬಿಡ್ತೇನೆ" ಎಂದು ಅಪ್ಪನನ್ನು ಕೇಳುತ್ತಿದ್ದಾರೆ. ಅಪ್ಪ ಒಪ್ಪುವ ಮನಸ್ಸಿನಲ್ಲಿದ್ದಾರೆ. ತೋಟದಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಲು ಅರ್ಧಕ್ಕೆ ನಿಂತಿದೆ. ಎಲ್ಲಿಂದ ಶುರು ಮಾಡಬೇಕು?

---

ಕೋರ್ಟ್_ರೋಡ್_ಕುಮಟಾ

ಮೊದಲ ಕೆಲಸ, ಅಪ್ಪ ಆ ಕಾಗದಕ್ಕೆ ಸಹಿ ಹಾಕದಂತೆ ತಡೆಯುವುದು. ಉಳಿದದ್ದೆಲ್ಲ ನಿಧಾನಕ್ಕೆ ಸರಿಮಾಡಿಕೊಳ್ಳಬಹುದು, ಆ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ.

ಸತ್ತವರ ಸಾಲ ಅವರು ಬಿಟ್ಟುಹೋದ ಆಸ್ತಿಯ ಮೇಲಿನ ಸಾಲ. ವಾರಸುದಾರರ ಕೈಗೆ ಎಷ್ಟು ಆಸ್ತಿ ಬಂತೋ ಅಷ್ಟರ ಮಟ್ಟಿಗೆ ಮಾತ್ರ ಅವರು ಹೊಣೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 50 ಇದನ್ನೇ ಹೇಳುತ್ತದೆ. ಮಗನೇ ಆಗಿದ್ದರೂ ತಂದೆಯ ಸಾಲ ತೀರಿಸುವುದು ಧರ್ಮ ಎಂಬ ಒಂದೇ ಕಾರಣಕ್ಕೆ, 9 ಸೆಪ್ಟೆಂಬರ್ 2005ರ ನಂತರ ಮಾಡಿದ ಸಾಲವನ್ನು ಅವನಿಂದ ವಸೂಲಿ ಮಾಡುವಂತಿಲ್ಲ. ನಿಮ್ಮ ಅಪ್ಪ ಅಣ್ಣ ಮಾತ್ರ. ಅವರ ಸ್ವಂತ ತೋಟ, ಸ್ವಂತ ಖಾತೆಗೆ ಯಾರೂ ಕೈಹಾಕುವಂತಿಲ್ಲ. ಆದರೆ ಅವರೇ ಹೊಸ ಪ್ರೊನೋಟು ಬರೆದುಕೊಟ್ಟ ಗಳಿಗೆಯಿಂದ ಅದು ಅವರ ಸ್ವಂತ ಸಾಲ. ಆಮೇಲೆ ಚಿಕ್ಕಪ್ಪನ ಆಸ್ತಿ ಸಾಲದೇ ಹೋದರೂ ಇವರು ಕೊಡಬೇಕು.

ಆ 2021ರ ಕಾಗದದ ಸಂಗತಿ ಬೇರೆಯೇ ಇದೆ. ಕೇಳಿದಾಗ ಕೊಡುತ್ತೇನೆ ಎಂಬ ಪ್ರೊನೋಟಿಗೆ ಬರೆದ ದಿನದಿಂದ ಮೂರು ವರ್ಷ ಅವಧಿ. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟ ದಿನಗಳನ್ನು (28 ಫೆಬ್ರವರಿ 2022ರವರೆಗೆ) ಕಳೆದು ಎಣಿಸಿದರೂ ಫೆಬ್ರವರಿ 2025ರ ಕೊನೆಗೆ ಅದು ಮುಗಿದಿದೆ. ನಡುವೆ ಚಿಕ್ಕಪ್ಪ ಬರವಣಿಗೆಯಲ್ಲಿ ಸಾಲ ಒಪ್ಪಿಕೊಂಡಿದ್ದರೆ, ಅಥವಾ ಬಡ್ಡಿಯನ್ನೋ ಅಸಲಿನ ಭಾಗವನ್ನೋ ಕೊಟ್ಟು ಅದಕ್ಕೆ ಅವರದೇ ಬರಹ ಇಲ್ಲವೇ ಸಹಿ ಇದ್ದರೆ, ಆ ದಿನದಿಂದ ಮತ್ತೆ ಮೂರು ವರ್ಷ ಎಣಿಸಬೇಕು. ಹಾಗಾಗಿ ಅಸಲು ಕಾಗದವನ್ನು ಕೈಗೆ ತೆಗೆದುಕೊಂಡು ಹಿಂಬದಿ ನೋಡಿ. ಝೆರಾಕ್ಸಿನಲ್ಲಿ ಹಿಂಬದಿ ಬಂದಿರುವುದಿಲ್ಲ. ಮುಂಬದಿಯಲ್ಲಿ ರೆವಿನ್ಯೂ ಸ್ಟಾಂಪ್ ಇದೆಯೇ, ಸಹಿ ಅದರ ಮೇಲೆ ಹಾದುಹೋಗಿದೆಯೇ ನೋಡಿ. ಸ್ಟಾಂಪ್ ಇಲ್ಲದ ಪ್ರೊನೋಟನ್ನು ದಂಡ ಕಟ್ಟಿಯೂ ಸಾಕ್ಷ್ಯಕ್ಕೆ ಹಾಜರುಪಡಿಸಲು ಬರುವುದಿಲ್ಲ.

ಅವಧಿ ಮುಗಿದ ಸಾಲಕ್ಕೆ ಜೀವ ಬರುವ ಒಂದು ದಾರಿಯೆಂದರೆ "ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದ ಹೊಸ ಕಾಗದ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂಬ ಲಿಖಿತ ವಾಗ್ದಾನವನ್ನು ಕರಾರು ಕಾಯ್ದೆ ಒಪ್ಪುತ್ತದೆ. ಬಡ್ಡಿ ಬಿಡುತ್ತೇನೆ ಎಂದು ಈಗ ಕೇಳುತ್ತಿರುವುದರ ಅರ್ಥ ಇದೇ ಇರಬಹುದು.

---

ಪಹಣಿ_ಕಾಲಂ_11

ವಾರಸುದಾರರು ಯಾರು ಎಂಬುದು ಮೊದಲು ಖಚಿತವಾಗಬೇಕು, ಯಾಕೆಂದರೆ ಇಲ್ಲಿ ಎಲ್ಲರೂ "ಮೂವರು ಮಕ್ಕಳು, ಮೂರು ಪಾಲು" ಎಂದುಕೊಂಡು ಕೂತಿರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಹೆಂಡತಿ, ಮಕ್ಕಳು, ತಾಯಿ ಯಾರೂ ಇಲ್ಲದ ಗಂಡಸಿನ ಆಸ್ತಿ ಎರಡನೇ ವರ್ಗದವರಿಗೆ ಹೋಗುತ್ತದೆ. ಅದರಲ್ಲಿ ಮೊದಲು ತಂದೆ, ಅವರಿಲ್ಲದಿದ್ದರೆ ಬದುಕಿರುವ ಸಹೋದರ, ಸಹೋದರಿಯರು ಸಮಪಾಲಿನಲ್ಲಿ. ಮೊದಲೇ ತೀರಿಹೋದ ಸಹೋದರನ ಮಕ್ಕಳು ಅದಕ್ಕಿಂತ ಕೆಳಗಿನ ಸಾಲಿನಲ್ಲಿ ಬರುತ್ತಾರೆ. ಮೇಲಿನ ಸಾಲಿನಲ್ಲಿ ಒಬ್ಬರಿದ್ದರೂ ಕೆಳಗಿನವರಿಗೆ ಇಲ್ಲ. ಅಂದರೆ ನಿಮ್ಮ ಅಪ್ಪನಿಗೆ ಅರ್ಧ, ಅತ್ತೆಗೆ ಅರ್ಧ. ಬೆಂಗಳೂರಿನ ಅಣ್ಣನಿಗೆ ಕಾಯ್ದೆಯಲ್ಲಿ ಪಾಲಿಲ್ಲ. ಸತ್ತವರಿಗೆ ಹೆಂಡತಿ ಮಕ್ಕಳಿದ್ದು, ಅದರಲ್ಲೊಬ್ಬ ಮಗ ಮೊದಲೇ ತೀರಿಹೋಗಿದ್ದರೆ ಅವನ ಮಕ್ಕಳಿಗೆ ಪಾಲು ಬರುತ್ತಿತ್ತು. ಆ ನಿಯಮವನ್ನು ಇಲ್ಲಿಗೂ ಹಚ್ಚಿ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವಾಗ ಮರವನ್ನು ಚಿಕ್ಕಪ್ಪನಿಂದ ಶುರು ಮಾಡಬೇಡಿ, ಕೆಳಗೆ ಬರೆಯಲು ಯಾರೂ ಇರುವುದಿಲ್ಲ. ಅಜ್ಜನಿಂದ ಶುರು ಮಾಡಿ: ಅಜ್ಜ, ಅಜ್ಜಿ, ಅವರ ನಾಲ್ಕು ಮಕ್ಕಳು, ಯಾರು ಯಾವಾಗ ತೀರಿದರು, ಯಾರು ಬದುಕಿದ್ದಾರೆ. ಜೊತೆಗೆ ಅಜ್ಜಿಯ ಮರಣ ಪ್ರಮಾಣಪತ್ರ ಬೇಕೇ ಬೇಕು. ತಾಯಿ ಬದುಕಿದ್ದರೆ ಎಲ್ಲವೂ ಅವರಿಗೇ ಹೋಗುತ್ತಿತ್ತು, ಆದ್ದರಿಂದ ಅವರಿಲ್ಲ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಅರ್ಜಿ ತಿಂಗಳುಗಟ್ಟಲೆ ನಿಲ್ಲುವುದು ಬಹುತೇಕ ಇಲ್ಲೇ. ಅಜ್ಜಿಯ ಮರಣ ಆಗ ನೋಂದಣಿ ಆಗಿರದಿದ್ದರೆ, ವರ್ಷ ದಾಟಿದ ಪ್ರಕರಣವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ಅದನ್ನು ಇವತ್ತೇ ಶುರು ಮಾಡಿ. ಚಿಕ್ಕಪ್ಪನ ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲಕ್ಕೆ ಹತ್ತಾದರೂ ತೆಗೆಸಿಕೊಳ್ಳಿ. ಆಧಾರ್, ಪಹಣಿ, ಪಾಸ್‌ಬುಕ್ ಈ ಮೂರರಲ್ಲಿ ಹೆಸರು ಒಂದೇ ತರ ಇದೆಯೇ ನೋಡಿ. ಒಂದರಲ್ಲಿ "ಹೆಗಡೆ", ಇನ್ನೊಂದರಲ್ಲಿ "ಹೆಗ್ಡೆ", ಮತ್ತೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇದ್ದರೆ, ಈ ಹೆಸರುಗಳೆಲ್ಲ ಒಬ್ಬರದ್ದೇ ಎಂಬ ಅಫಿಡವಿಟ್ಟನ್ನು ಅರ್ಜಿಯ ಜೊತೆಗೇ ಇಡಿ.

ತೋಟಕ್ಕೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ವಂಶವೃಕ್ಷ, ಮರಣ ಪ್ರಮಾಣಪತ್ರ, ಪಹಣಿ, ಇಬ್ಬರ ಆಧಾರ್ ಇಷ್ಟಿದ್ದರೆ ಅರ್ಜಿ ಹೋಗುತ್ತದೆ. ನೋಟಿಸಿನ ಅವಧಿಯಲ್ಲಿ ಯಾರೂ ತಕರಾರು ಮಾಡದಿದ್ದರೆ ಅಪ್ಪ ಮತ್ತು ಅತ್ತೆಯ ಹೆಸರು ಜಂಟಿಯಾಗಿ ಪಹಣಿಯ 9ನೇ (ಮಾಲೀಕರ) ಕಾಲಮಿಗೆ ಬರುತ್ತದೆ. ತಕರಾರು ಬಂದರೆ ತಹಶೀಲ್ದಾರರ ಮುಂದೆ ವಿಚಾರಣೆ, ಮೇಲ್ಮನವಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ. "ಸಾಲ ಇದೆ, ತೀರುವ ತನಕ ಖಾತೆ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಹಣಿಯ 11ನೇ ಕಾಲಮಿನ ಸೊಸೈಟಿ ಬೋಜಾ (ಸಾಲದ ಭಾರ) ಹಾಗೇ ಮುಂದುವರಿಯುತ್ತದೆ, ಪೌತಿಗೆ ಅಡ್ಡ ಬರುವುದಿಲ್ಲ. ಆದರೆ 11ನೇ ಕಾಲಂ ಒಂದನ್ನೇ ನೋಡಿ ಸಾಲ ಇಷ್ಟೇ ಎಂದು ತೀರ್ಮಾನಿಸಬೇಡಿ. ಕಾವೇರಿ 2.0ದಲ್ಲಿ ಋಣಭಾರ ಪ್ರಮಾಣಪತ್ರ ಕೂಡ ತೆಗೆಸಿ. ನೋಂದಾಯಿತ ಅಡಮಾನ ಏನಾದರೂ ಇದ್ದರೆ ಅದರಲ್ಲಿ ಸಿಗುತ್ತದೆ.

ಅತ್ತೆ "ನನಗೆ ತೋಟ ಬೇಡ" ಅನ್ನಬಹುದು. ಹಾಗಂದರೆ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಕೊಟ್ಟ ಹೇಳಿಕೆಯಾಗಲಿ, ನೂರು ರೂಪಾಯಿ ಛಾಪಾ ಕಾಗದದ ಒಪ್ಪಿಗೆಯಾಗಲಿ ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಆಗದಿದ್ದರೆ ನಾಳೆ ಅವರ ಮಕ್ಕಳು ಬಂದು ಕೇಳಿದಾಗ ಅವರ ಹಕ್ಕು ಇದ್ದ ಹಾಗೇ ಇರುತ್ತದೆ. ಸಾಲ ಚುಕ್ತಾ ಆಗುವ ಮೊದಲು ಬಿಡುಗಡೆ ಪತ್ರ ಮಾಡಿಸುವುದೂ ಬೇಡ. ಲೆಕ್ಕ ಮುಗಿದ ಮೇಲೆ ಏನು ಬಿಡುತ್ತಿದ್ದೇನೆ ಎಂದು ಅವರಿಗೂ ತಿಳಿದಿರಬೇಕು.

ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರುವ ಕಾಡು) ಆಸ್ತಿ ಪಟ್ಟಿಯಲ್ಲಿ ಬೆಲೆ ಕಟ್ಟಿ ಬರೆಯಬೇಡಿ. ಅದು ತೋಟದ ಜೊತೆ ಹೋಗುವ ಸವಲತ್ತು, ಪ್ರತ್ಯೇಕ ಮಾರುವ ಸ್ವತ್ತಲ್ಲ. ಮನೆಯ ಅರ್ಧಕ್ಕೆ ಗ್ರಾಮ ಪಂಚಾಯತದಲ್ಲಿ ಬೇರೆ ಅರ್ಜಿ. ಕರ ಬಾಕಿ ಇಲ್ಲದಂತೆ ನೋಡಿಕೊಂಡು ಹೋಗಿ.

---

ಅಘನಾಶಿನಿ_ದಡ

ಬ್ಯಾಂಕು, ಸೊಸೈಟಿ ಭಾಗ ನಾನು ಬರೆಯುತ್ತೇನೆ.

ಸುಮ್ಮನೆ ಕೂಡಿಸಿ ನೋಡಿ. ಕೈಗೆ ಬರುವ ಹಣ 1,12,000 + 1,50,000 + 60,000 = 3,22,000. ಅವಧಿ ಮೀರಿದ ಪ್ರೊನೋಟು ಮತ್ತು ಜಾಮೀನು ಬಿಟ್ಟರೆ ಕೊಡಬೇಕಾದದ್ದು 85,000 + 70,000 + 50,000 + 42,000 + 9,600 + 7,300 = 2,63,900. ಬಡ್ಡಿಗೆ ಸ್ವಲ್ಪ ಸೇರಿಸಿಕೊಂಡರೂ ತೋಟ ಮುಟ್ಟದೆ ತೀರುತ್ತದೆ, ಈ ವರ್ಷದ ಅಡಿಕೆ ಪೂರಾ ಉಳಿಯುತ್ತದೆ. ತೊಡಕು ಇರುವುದು ಯಾವ ಹಣ ಯಾವಾಗ ಕೈಗೆ ಬರುತ್ತದೆ ಎಂಬುದರಲ್ಲಿ.

ಮೊದಲು ಸೊಸೈಟಿಗೆ ಹೋಗಿ, ಬೆಳೆಸಾಲದ ಕಂತಿನ ಕೊನೇ ದಿನ ಕೇಳಿ. ಶೂನ್ಯ ಬಡ್ಡಿ ಇರುವುದು ಅವಧಿಯೊಳಗೆ ಕಟ್ಟಿದವರಿಗೆ ಮಾತ್ರ. ದಿನ ದಾಟಿದರೆ ಮಾಮೂಲು ಬಡ್ಡಿ ಬೀಳುತ್ತದೆ, ಸಾಲಗಾರ ತೀರಿಹೋಗಿದ್ದಾನೆ ಎಂದು ದಿನ ತಾನಾಗಿ ಮುಂದೆ ಹೋಗುವುದಿಲ್ಲ. ಠೇವು ಅದೇ ಸೊಸೈಟಿಯಲ್ಲಿ ಇರುವುದು ನಿಮಗೆ ಅನುಕೂಲ. ಸದಸ್ಯನ ಶೇರು ಮತ್ತು ಠೇವಿನ ಮೇಲೆ ಸಹಕಾರ ಸಂಘಕ್ಕೆ ತನ್ನ ಬಾಕಿಯ ಮಟ್ಟಿಗೆ ಹಕ್ಕಿದೆ, ವಜಾ ಹಾಕಿಕೊಳ್ಳಬಹುದು. 1,50,000ದಲ್ಲಿ 85,000 ಬೆಳೆಸಾಲಕ್ಕೆ ಜಮಾ ಮಾಡಿ ಉಳಿದದ್ದನ್ನು ನಾಮಿನಿಗೆ ಕೊಡಿ ಎಂದು ಅಪ್ಪ, ಅತ್ತೆ, ನಾಮಿನಿ ಮೂವರೂ ಸಹಿ ಮಾಡಿದ ಅರ್ಜಿ ಕೊಡಿ. ಆಮೇಲೆ ತೀರುವಳಿ ಪತ್ರ ತೆಗೆದುಕೊಂಡು ಬೋಜಾ ಇಳಿಸಿ.

ಕೆಲವು ಕಡೆ "ವಾರಸುದಾರರ ಹೆಸರಲ್ಲಿ ಹೊಸ ಸಾಲ ಮಾಡಿ ಹಳೇದನ್ನು ಚುಕ್ತಾ ಮಾಡೋಣ" ಎನ್ನುತ್ತಾರೆ. ತೋಟ ಉಳಿಸಿಕೊಂಡು ಬೆಳೆಸಾಲ ಮುಂದುವರಿಸುವ ಇರಾದೆ ಇದ್ದರೆ ಅದೂ ಸರಿಯೇ. ಆದರೆ ಆ ಸಹಿಯಿಂದ ಸಾಲ ಸ್ವಂತದ್ದಾಗುತ್ತದೆ ಎಂಬುದು ಗೊತ್ತಿದ್ದೇ ಮಾಡಬೇಕು.

ನಾಮಿನಿ ಎಂದರೆ ಮಾಲಕ ಅಲ್ಲ. ಸೊಸೈಟಿ ಅವನ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ, ಅಷ್ಟೇ. ಅವನು ಅದನ್ನು ವಾರಸುದಾರರ ಪರವಾಗಿ ಹಿಡಿದಿರುತ್ತಾನೆ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಡಿಸೆಂಬರ್ 2023ರಲ್ಲಿ ಮತ್ತೊಮ್ಮೆ ಇದನ್ನೇ ಹೇಳಿದೆ. ಇದನ್ನು ನಿಮ್ಮ ಅಣ್ಣನಿಗೆ ಹೇಳುವ ರೀತಿ ಮಾತ್ರ ಮುಖ್ಯ. "ನಿನಗೆ ಪಾಲಿಲ್ಲ" ಎಂದು ಶುರು ಮಾಡಿದರೆ ಅವನು ಅರ್ಜಿಗೆ ಸಹಿ ಹಾಕದೆ ನಿಂತುಬಿಡಬಹುದು, ಅಷ್ಟರಲ್ಲಿ ಬೆಳೆಸಾಲದ ದಿನ ದಾಟುತ್ತದೆ. ಸಾಲದ ಪಟ್ಟಿ ಪೂರ್ತಿ ಅವನಿಗೆ ಕಳಿಸಿ, ಮೊದಲು ತೀರಿಸಿ ಆಮೇಲೆ ಮಾತಾಡೋಣ ಎನ್ನಿ.

ಬ್ಯಾಂಕಿನಲ್ಲಿ ನಾಮಿನಿ ಇಲ್ಲದಿದ್ದರೂ ಈ ಮೊತ್ತಕ್ಕೆ ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ಕೋರ್ಟಿಗೆ ಹೋಗುವ ಅಗತ್ಯ ಇಲ್ಲ. ಸೆಪ್ಟೆಂಬರ್ 2025ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನ ಇದೆ. ಇದನ್ನು ಜಾರಿಗೆ ತರಲು ಬ್ಯಾಂಕುಗಳಿಗೆ ಕೊಟ್ಟ ಗಡುವು 31 ಮಾರ್ಚ್ 2026. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ವಾರಸುದಾರರ ದಾಖಲೆ, ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ಭರಿಸುತ್ತೇವೆಂಬ ಮುಚ್ಚಳಿಕೆ), ಹಣ ಪಡೆಯದ ವಾರಸುದಾರರ ಒಪ್ಪಿಗೆ ಪತ್ರ. ಆ ಮಿತಿಯೊಳಗೆ ಹೊರಗಿನವರ ಜಾಮೀನು ಕೇಳುವಂತಿಲ್ಲ. ಎಲ್ಲ ದಾಖಲೆ ಕೊಟ್ಟ ಮೇಲೆ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಅದಕ್ಕೇ ಅರ್ಜಿಯ ನಕಲಿನ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಅದಿಲ್ಲದೆ 15 ದಿನ ಎಲ್ಲಿಂದ ಎಣಿಸಬೇಕು ಎಂಬುದಕ್ಕೇ ಆಧಾರ ಇರುವುದಿಲ್ಲ. ಅಂದಹಾಗೆ, ಊರ ಸೊಸೈಟಿ ರಿಸರ್ವ್ ಬ್ಯಾಂಕಿನ ಅಡಿ ಬರುವುದಿಲ್ಲ. ಅಲ್ಲಿ ಈ ನಿರ್ದೇಶನ ತೋರಿಸಿ ಪ್ರಯೋಜನವಿಲ್ಲ, ಅಲ್ಲಿಯದು ಬೈಲಾ ಮತ್ತು ಸಹಕಾರ ಕಾಯ್ದೆ.

ಬಂಗಾರದ ಸಾಲ ಅದೇ ಬ್ಯಾಂಕಿನದ್ದಾದ್ದರಿಂದ ಕ್ಲೇಮ್ ಅರ್ಜಿಯಲ್ಲೇ ಬರೆಯಿರಿ: ಉಳಿತಾಯ ಖಾತೆಯಿಂದ ಸಾಲಕ್ಕೆ ಜಮಾ ಮಾಡಿ, ಒಡವೆಯನ್ನು ಇಬ್ಬರು ವಾರಸುದಾರರಿಗೆ ಜಂಟಿಯಾಗಿ ಕೊಡಿ. ಅಷ್ಟರೊಳಗೆ ಹರಾಜು ನೋಟಿಸ್ ಬರದಂತೆ ಬಡ್ಡಿ ಕಟ್ಟುತ್ತಿರಿ. ನೋಟಿಸ್ ಹೋಗುವುದು ಚಿಕ್ಕಪ್ಪನ ವಿಳಾಸಕ್ಕೆ. ಬೀಗ ಹಾಕಿದ ಮನೆಯ ಬಾಗಿಲಿಗೆ ಅದು ಬಂದು ಬಿದ್ದಿದ್ದನ್ನು ಯಾರೂ ನೋಡದೆ ಹರಾಜಾಗಿ ಹೋಗುತ್ತದೆ. ಬ್ಯಾಂಕಿಗೆ ಮರಣದ ಸುದ್ದಿಯನ್ನೂ ನಿಮ್ಮ ವಿಳಾಸವನ್ನೂ ಬರಹದಲ್ಲಿ ಕೊಡಿ.

ಅಂಚೆ ಕಚೇರಿಯ 60,000 ಕಡೆಗೆ ಬರುವ ಹಣ. ನಾಮಿನಿ ಇಲ್ಲದ ಖಾತೆಗೆ 5 ಲಕ್ಷದವರೆಗೆ ಕೋರ್ಟಿನ ಕಾಗದ ಇಲ್ಲದೆ ಕೊಡುತ್ತಾರೆ, ಆದರೆ ಮರಣದ ದಿನದಿಂದ ಆರು ತಿಂಗಳು ಕಳೆಯಬೇಕು. ನಿಮಗೆ ಮೇ 2026ರ ಮೇಲೆ. ಆ ಹಣದ ಭರವಸೆಯ ಮೇಲೆ ಯಾರಿಗೂ ಮಾತು ಕೊಡಬೇಡಿ.

ಎಟಿಎಂ ಕಾರ್ಡ್, ಫೋನ್‌ಪೇ ಮುಟ್ಟಬೇಡಿ. ಪಿನ್ ಗೊತ್ತಿದೆ ಎಂದು ತೆಗೆದರೆ ನಾಳೆ ಅತ್ತೆಗೂ ಸಾಲ ಕೊಟ್ಟವರಿಗೂ ಉತ್ತರ ಕೊಡಬೇಕಾದವರು ನೀವು. ಆದರೆ ಸಿಮ್ ಮಾತ್ರ ಚಾಲೂ ಇರಲಿ. ಗೊತ್ತಿರದ ಕಂತು, ವಿಮೆಯ ಪ್ರೀಮಿಯಂ, ಬೆಳೆವಿಮೆ ಪರಿಹಾರ ಎಲ್ಲದರ ಸುಳಿವು ಸಿಗುವುದು ಆ ಮೆಸೇಜುಗಳಲ್ಲೇ. ಮರಣದ ನಂತರ ಖಾತೆಗೆ ಬಂದ ಪಿಎಂ ಕಿಸಾನ್ ಕಂತು ವಾಪಸು ಹೋಗಬೇಕಾದ ಹಣ, ಅದನ್ನು ಆಸ್ತಿಯಲ್ಲಿ ಎಣಿಸಬೇಡಿ. ಅಡಿಕೆಯ ಹವಾಮಾನ ಆಧಾರಿತ ಬೆಳೆವಿಮೆಗೆ ಚಿಕ್ಕಪ್ಪ ಪ್ರೀಮಿಯಂ ಕಟ್ಟಿದ್ದರೆ ಅದರ ಪರಿಹಾರ ಮಾತ್ರ ಆಸ್ತಿಗೆ ಸೇರಿದ್ದು.

---

ಸೋಂದಾ_ರಸ್ತೆ

ಎಲ್ಲರಿಗೂ ಧನ್ಯವಾದ. ಅಸಲು ಪ್ರೊನೋಟು ನೋಡಿದೆವು. ಸ್ಟಾಂಪ್ ಇದೆ. ಹಿಂಬದಿಯಲ್ಲಿ "ಬಡ್ಡಿ 6,000 ಮುಟ್ಟಿದೆ, 4-3-2023" ಎಂದಿದೆ, ಆದರೆ ಅಕ್ಷರ ಸಾಲ ಕೊಟ್ಟವರದ್ದೇ, ಚಿಕ್ಕಪ್ಪನ ಸಹಿ ಇಲ್ಲ. ಹಾಗಿದ್ದರೆ?

ಇನ್ನೆರಡು ಪ್ರಶ್ನೆ. ಎಲ್ಲ ಹಣ ಒಟ್ಟಿಗೆ ಬರುವುದಿಲ್ಲವಾದರೆ ಯಾರಿಗೆ ಮೊದಲು ಕೊಡಬೇಕು? ನಿಂತ ಕೊನೆ ಕೊಯ್ಲನ್ನು ಅಪ್ಪ ಮಾಡಿಸಬಹುದೇ?

---

ಕೋರ್ಟ್_ರೋಡ್_ಕುಮಟಾ

ಸಾಲ ಕೊಟ್ಟವರೇ ಬರೆದುಕೊಂಡ ಷರಾ ಅವಧಿಯನ್ನು ಮುಂದೂಡುವುದಿಲ್ಲ. ಬಡ್ಡಿ ಕಟ್ಟಿದವರ, ಅಂದರೆ ಚಿಕ್ಕಪ್ಪನ, ಕೈಬರಹ ಅಥವಾ ಸಹಿ ಇರಬೇಕು. ಆದರೆ ಆ 6,000 ಚೆಕ್ಕಿನಲ್ಲಿ ಹೋಗಿದೆಯೇ ಎಂದು ಮಾರ್ಚ್ 2023ರ ಪಾಸ್‌ಬುಕ್ ತೆಗೆದು ನೋಡಿ. ಚಿಕ್ಕಪ್ಪ ಸಹಿ ಮಾಡಿದ ಚೆಕ್ ಇದ್ದರೆ ಅದನ್ನೇ ಲಿಖಿತ ಆಧಾರ ಎಂದು ವಾದಿಸಬಹುದು. ಆಗ ಅವಧಿ ಮಾರ್ಚ್ 2026ರವರೆಗೆ ಎಳೆಯುತ್ತದೆ, ಅವರು ಅಷ್ಟರಲ್ಲಿ ದಾವೆ ಹಾಕಬಹುದು. ನಗದಾಗಿ ಕೊಟ್ಟಿದ್ದರೆ ಅವಧಿ ಮುಗಿದಂತೆ.

ಹಾಗೆಂದು ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಊರಿನಲ್ಲಿ ಒಬ್ಬರ ಕಷ್ಟಕ್ಕೆ ಕೊಟ್ಟ ಹಣ, ಕುಟುಂಬದವರಿಗೆ ಅದು ಋಣ ಎನಿಸಿದರೆ ಕೊಡುವುದು ಒಳ್ಳೆಯದೇ. ಅವಧಿ ಇರುವ ಸಾಲಗಳೆಲ್ಲ ತೀರಿದ ಮೇಲೆ, ಉಳಿದ ಹಣದಲ್ಲಿ, ಅತ್ತೆಯ ಲಿಖಿತ ಒಪ್ಪಿಗೆ ತೆಗೆದುಕೊಂಡು, ಒಂದೇ ಸಲಕ್ಕೆ ಕೊಡಿ. ಮುಂದೆ ಕೊಡುತ್ತೇನೆ ಎಂದು ಬರೆದುಕೊಡುವುದು ಮಾತ್ರ ಬೇಡ.

ಕ್ರಮದ ಬಗ್ಗೆ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರಲ್ಲಿ ಆಸ್ತಿ ನಿರ್ವಹಿಸುವವನಿಗೆ ಹೇಳಿದ ಕ್ರಮ ಇದೆ. ಮೊದಲು ಯೋಗ್ಯ ಮಟ್ಟದ ಅಂತ್ಯಕ್ರಿಯೆಯ ಖರ್ಚು ಮತ್ತು ಮರಣಕ್ಕೆ ಮುಂಚಿನ ಒಂದು ತಿಂಗಳ ಔಷಧೋಪಚಾರ. ಕೋರ್ಟಿನ ಖರ್ಚು ಇದ್ದರೆ ಅದು. ಆಮೇಲೆ ಹಿಂದಿನ ಮೂರು ತಿಂಗಳ ಕೂಲಿ. ಸಾಲ ಕೊಟ್ಟ ಉಳಿದವರು ಅದರ ನಂತರ, ಹಣ ಸಾಲದಿದ್ದರೆ ಎಲ್ಲರಿಗೂ ಪ್ರಮಾಣಾನುಸಾರ. ಒತ್ತೆ, ಬೋಜಾ ಇರುವವರು ತಮ್ಮ ಒತ್ತೆಯ ಮೇಲೆ ನಿಂತಿರುತ್ತಾರೆ. ನೀವು ಇದೇ ಕ್ರಮ ಹಿಡಿದರೆ "ಅವರಿಗೆ ಕೊಟ್ಟು ನಮಗೆ ಬಿಟ್ಟಿರಿ" ಎಂಬ ಆಕ್ಷೇಪ ಬರುವುದಿಲ್ಲ. ಕೊನೆಗೌಡನ ಕೂಲಿ ಮೂರು ತಿಂಗಳಿನೊಳಗಿನದ್ದಾದರೆ ಪ್ರೊನೋಟಿಗಿಂತ ಮುಂದೆ. ಅವನ ಹತ್ತಿರ ಕಾಗದ ಇರುವುದಿಲ್ಲ, ಬಾಯಿ ಮಾತೇ ಲೆಕ್ಕ, ಅದಕ್ಕೇ ಅವನ ಹಣ ಕಡೆಗೆ ಉಳಿದುಬಿಡುತ್ತದೆ. ಉಳಿಸಬೇಡಿ. ವೈಕುಂಠ ಸಮಾರಾಧನೆಯ ದೊಡ್ಡ ಊಟದ ಖರ್ಚನ್ನೆಲ್ಲ ಅಂತ್ಯಕ್ರಿಯೆಯ ಲೆಕ್ಕಕ್ಕೆ ಹಾಕಿದರೆ ಸಾಲ ಕೊಟ್ಟವರು ಒಪ್ಪಬೇಕೆಂದಿಲ್ಲ.

ಆಸ್ಪತ್ರೆಯ ಬಾಕಿಗೆ ಮುಂಚೆ ದಾಖಲಾತಿ ಫಾರ್ಮ್ ನೋಡಿ. "ಬಿಲ್ಲಿಗೆ ನಾನು ಜವಾಬ್ದಾರ" ಎಂಬ ಜಾಗದಲ್ಲಿ ಅಪ್ಪ ಸಹಿ ಹಾಕಿದ್ದರೆ ಆ ಒಂದು ಬಾಕಿಗೆ ಅವರು ಸ್ವಂತವಾಗಿ ಹೊಣೆ.

ಪ್ರೊನೋಟಿನ ಐವತ್ತು ಸಾವಿರವನ್ನು ನಗದಾಗಿ ಕೊಡಬೇಡಿ. 20,000 ಮತ್ತು ಅದಕ್ಕೆ ಮೇಲಿನ ಸಾಲವನ್ನು ಬ್ಯಾಂಕಿನ ಮೂಲಕ ತೀರಿಸಬೇಕೆಂಬುದು ಆದಾಯ ತೆರಿಗೆಯ ನಿಯಮ. ಹಣ ಹೋದ ಕೂಡಲೇ ಅಸಲು ಕಾಗದದ ಮೇಲೆ ಅವರ ಕೈಯಿಂದಲೇ "ಪೂರ್ಣ ಚುಕ್ತಾ" ಎಂದು ಬರೆಸಿ, ಸಹಿ, ದಿನಾಂಕ ಹಾಕಿಸಿ ಇಸಿದುಕೊಳ್ಳಿ. ಕಾಗದ ಎಲ್ಲೋ ಇದೆ, ಆಮೇಲೆ ಕೊಡುತ್ತೇನೆ ಎಂದರೆ ಹಣವೂ ಆಮೇಲೆ.

ಕೊಯ್ಲು ಮಾಡಿಸಬಹುದು. ಬಿದ್ದು ಹಾಳಾಗುವ ಬೆಳೆಯನ್ನು ಉಳಿಸುವುದು ಆಸ್ತಿ ರಕ್ಷಣೆ, ಅದು ತಪ್ಪಾಗುವುದಿಲ್ಲ. ತಪ್ಪಾಗುವುದು ಆ ಅಡಿಕೆ ಅಪ್ಪನ ಸ್ವಂತ ಅಡಿಕೆಯ ಜೊತೆ ಬೆರೆತಾಗ.

---

ಅಘನಾಶಿನಿ_ದಡ

ಅದನ್ನೇ ಸೇರಿಸುತ್ತೇನೆ. ಚಿಕ್ಕಪ್ಪನ ತೋಟದ ಕೊನೆಯನ್ನು ಬೇರೆ ಸುಲಿಸಿ, ಬೇರೆ ಒಣಗಿಸಿ, ಚೀಲಕ್ಕೆ ಗುರುತು ಹಾಕಿ. ಅವರ ಸದಸ್ಯ ಖಾತೆಯಲ್ಲಿ ಈಗ ವಿಕ್ರಿ ಮಾಡಲು ಬರುವುದಿಲ್ಲ, ಅಪ್ಪನ ಹೆಸರಿನಲ್ಲೇ ಮಾರಾಟ ಸಂಘಕ್ಕೆ ಹಾಕಬೇಕಾಗುತ್ತದೆ. ಆ ದಿನ ಅಪ್ಪನ ಅಡಿಕೆ ಹಾಕಬೇಡಿ, ವಿಕ್ರಿ ಪಟ್ಟಿ ಪ್ರತ್ಯೇಕ ಇರಲಿ. ಚಾಲಿ (ಬಿಳಿ ಅಡಿಕೆ) ಎಷ್ಟು, ರಾಶಿ (ಕೆಂಪಡಿಕೆ) ಎಷ್ಟು, ದರ, ಕಳೆದ ಕೊಯ್ಲು ಸುಲಿತದ ಖರ್ಚು ಎಲ್ಲ ಒಂದು ನೋಟುಬುಕ್ಕಿನಲ್ಲಿ. ಚಿಕ್ಕಪ್ಪನ ಹೆಸರಿನಲ್ಲಿ ಸಂಘದಲ್ಲಿ ಮಾರದೇ ಉಳಿದ ಹಳೇ ದಾಸ್ತಾನು, ಅದರ ಮೇಲೆ ತೆಗೆದ ಮುಂಗಡ ಇದೆಯೇ ಕೇಳಿ. ಅದು ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ.

ಜಾಮೀನಿನ ವಿಷಯ ಯಾರೂ ಮುಟ್ಟಿಲ್ಲ. ಈಗಾಗಲೇ ಕೊಟ್ಟಾದ 1.5 ಲಕ್ಷಕ್ಕೆ ಚಿಕ್ಕಪ್ಪನ ಆಸ್ತಿ ಹೊಣೆಯಿಂದ ತಪ್ಪುವುದಿಲ್ಲ. ಆದರೆ ಅದು ಪ್ರತಿವರ್ಷ ತಿರುಗುವ ಸಾಲವಾಗಿದ್ದು ಜಾಮೀನು ಮುಂದುವರಿಯುವ ತರಹದ್ದಾದರೆ, ಬೇರೆ ಕರಾರು ಇಲ್ಲದಿದ್ದರೆ ಮರಣದ ನಂತರದ ಹೊಸ ವ್ಯವಹಾರಕ್ಕೆ ಅದು ಲಾಗೂ ಆಗುವುದಿಲ್ಲ. ಸೊಸೈಟಿಗೆ ಮರಣದ ದಿನಾಂಕ ತಿಳಿಸಿ ಪತ್ರ ಕೊಡಿ, ಆ ದಿನದ ಬಾಕಿ ಎಷ್ಟು ಎಂದು ಬರಹದಲ್ಲಿ ಕೇಳಿ. ನೆರೆಮನೆಯವರಿಗೆ ಬದಲಿ ಜಾಮೀನುದಾರರನ್ನು ಕೊಡಲು ಹೇಳಿ. ಸಾಲ ಸುಸ್ತಿಯಾಗಿಲ್ಲದಿದ್ದರೆ (ಕಂತು ತಪ್ಪಿಲ್ಲದಿದ್ದರೆ) ಈಗ ಏನೂ ಕಟ್ಟಬೇಕಾಗಿಲ್ಲ. ಆದರೆ ಬದಲಿ ಜಾಮೀನು ಆಗುವ ತನಕ ಉಳಿದ ಹಣವನ್ನೆಲ್ಲ ಹಂಚಿಕೊಂಡು ಖಾಲಿ ಮಾಡಬೇಡಿ. ಹಂಚಿಕೊಂಡ ಮೇಲೆ ಸುಸ್ತಿಯಾದರೆ ಸೊಸೈಟಿ ದಾವೆ ಸಹಾಯಕ ನಿಬಂಧಕರ ಮುಂದೆ ವಾರಸುದಾರರ ಮೇಲೂ ಬರುತ್ತದೆ.

---

ಕಾಳಿ_ಸೇತುವೆ

ಕಾರವಾರದಿಂದ. ಸ್ಕೂಟರ್ ಬಿಟ್ಟುಹೋಗಿದೆ. ಮರಣದಿಂದ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಿತ್ತು, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ಬದಲಿಗೆ ಅರ್ಜಿ. ಹಳೇ ಹೆಸರಿನ ವಿಮೆಯ ರಕ್ಷಣೆಯೂ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಫೆಬ್ರವರಿ ದಾಟಿದ ಮೇಲೆ ಆ ಗಾಡಿ ರಸ್ತೆಗೆ ತೆಗೆದು ಅಪಘಾತವಾದರೆ ವಿಮೆಯ ಜೊತೆ ಜಗಳ ಶುರು. ಮಾರುವುದಿದ್ದರೂ ಮೊದಲು ವಾರಸುದಾರರ ಹೆಸರಿಗೆ ಆಗಬೇಕು.

ಇದನ್ನು ಓದುವ ಕರಾವಳಿಯವರಿಗೆ: ಮೀನುಗಾರರಾಗಿದ್ದವರು ಅಪಘಾತದಲ್ಲಿ ತೀರಿದ್ದರೆ ಮತ್ಸ್ಯ ಸಂಪದ ಯೋಜನೆಯ ಗುಂಪು ವಿಮೆಯಲ್ಲಿ 5 ಲಕ್ಷ ಇದೆ, ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ನೋಂದಣಿಯಾಗಿತ್ತೇ ಕೇಳಿ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಇದ್ದರೆ ಸುರಕ್ಷಾ ಬಿಮೆಯ 2 ಲಕ್ಷ, ಅದೂ ಅಪಘಾತಕ್ಕೆ. ಹಾವು ಕಡಿದದ್ದು, ಮರದಿಂದ ಬಿದ್ದದ್ದು ಕೂಡ ಅದರಲ್ಲಿ ಬರುತ್ತದೆ, ಆಸ್ಪತ್ರೆಯ ದಾಖಲೆ ಇರಬೇಕು. 436 ಇದ್ದರೆ ಜೀವನ್ ಜ್ಯೋತಿ, ಯಾವ ಕಾರಣದ ಮರಣಕ್ಕೂ 2 ಲಕ್ಷ, ಆದರೆ ರಕ್ಷಣೆ 55 ವರ್ಷದವರೆಗೆ ಮಾತ್ರ. ಗೋವಾದಲ್ಲಿ ದುಡಿದವರ ಬ್ಯಾಂಕ್ ಖಾತೆಗೆ ರಿಸರ್ವ್ ಬ್ಯಾಂಕಿನ ಅದೇ ನಿಯಮ. ಗೋವಾದಲ್ಲಿ ಜಾಗ, ಮನೆ ಇದ್ದರೆ ಅಲ್ಲಿನ ಉತ್ತರಾಧಿಕಾರ ಕಾಯ್ದೆಯೇ ಬೇರೆ, ಇಲ್ಲಿನ ವಂಶವೃಕ್ಷ ತೋರಿಸಿದರೆ ಕೆಲಸ ಆಗುವುದಿಲ್ಲ, ಅಲ್ಲಿಯ ವಕೀಲರನ್ನೇ ಹಿಡಿಯಬೇಕು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಪಾಲಿನ ಲೆಕ್ಕ ಬೇರೆ. ಸಾಲ ತೀರಿಸಿ ಆಮೇಲೆ ಪಾಲು ಎಂಬುದು ಅಲ್ಲೂ ಹೀಗೇ.

ಮನೆ ಬಾಗಿಲಿಗೆ ಬಂದು ಕೂತು ಹೆದರಿಸುವ ವಸೂಲಿಯವರು ಇದ್ದರೆ ಸಹಿಸಬೇಕಾಗಿಲ್ಲ. 2025ರ ಕಿರುಸಾಲ ಬಲವಂತ ತಡೆ ಕಾನೂನು ಇರುವುದು ಅದಕ್ಕೇ, ಠಾಣೆಯಲ್ಲಿ ದೂರು ಕೊಡಿ. ಸ್ವಸಹಾಯ ಸಂಘ ಅಥವಾ ಮೈಕ್ರೋಫೈನಾನ್ಸ್ ಸಾಲ ಹೊಸತಾಗಿ ಎದ್ದು ಬಂದರೆ, ಕಟ್ಟುವ ಮೊದಲು ಸಾಲದ ಜೊತೆ ವಿಮೆ ಹಿಡಿದಿದ್ದರೇ ಕೇಳಿ. ಎಷ್ಟೋ ಸಲ ಪ್ರೀಮಿಯಂ ಸಾಲದಲ್ಲೇ ಮುರಿದುಕೊಂಡಿರುತ್ತಾರೆ, ಸತ್ತ ಮೇಲೆ ಮನೆಯವರು ಕೇಳದಿದ್ದರೆ ಕ್ಲೇಮ್ ಹೋಗುವುದೇ ಇಲ್ಲ.

---

ಸೋಂದಾ_ರಸ್ತೆ

ಪಾಸ್‌ಬುಕ್ ನೋಡಿದೆವು. ಮಾರ್ಚ್ 2023ರಲ್ಲಿ ಚೆಕ್ ಹೋಗಿಲ್ಲ. ಅಣ್ಣ ಸೊಸೈಟಿ ಅರ್ಜಿಗೆ ಸಹಿ ಹಾಕಲು ಒಪ್ಪಿದ್ದಾನೆ. ಉಳಿದ 65,000 ಅವನ ಖಾತೆಗೆ ಬಂದ ಮೇಲೆ ವಾಪಸು ಹೇಗೆ ತೆಗೆದುಕೊಳ್ಳುವುದು?

---

ಪಹಣಿ_ಕಾಲಂ_11

ಅಪ್ಪ ಮತ್ತು ಅತ್ತೆಯ ಹೆಸರಿನಲ್ಲಿ ಒಂದು ಜಂಟಿ ಖಾತೆ ತೆರೆದು, ಇದಕ್ಕೆ ಮಾತ್ರ ಬಳಸಿ. ಅಣ್ಣ ಅದಕ್ಕೆ ಬ್ಯಾಂಕಿನಿಂದಲೇ ವರ್ಗಾಯಿಸಲಿ, "ದಿವಂಗತರ ಠೇವಿನ ಹಣ" ಎಂದು ಷರಾ ಹಾಕಲಿ. ಅಡಿಕೆ ಹಣ, ಬ್ಯಾಂಕ್ ಹಣ, ಮೇ ನಂತರ ಅಂಚೆ ಹಣ ಎಲ್ಲ ಅದೇ ಖಾತೆಗೆ, ಕೊಡುವುದೆಲ್ಲ ಅದರಿಂದಲೇ. ಅಣ್ಣನಿಗೆ ಏನಾದರೂ ಕೊಡಬೇಕೆಂದು ಇಬ್ಬರಿಗೂ ಮನಸ್ಸಿದ್ದರೆ ಜಾಮೀನು ಬದಲಿಯಾದ ಮೇಲೆ ಉಳಿದದ್ದರಲ್ಲಿ ಕೊಡಿ. ಕುಮಟಾ, ಶಿರಸಿ ಎರಡೂ ಕಡೆ ಓದುವ ಹಾಗೆ ಲೋಕಧ್ವನಿ, ಕರಾವಳಿ ಮುಂಜಾವಿನಂಥ ಪತ್ರಿಕೆಯಲ್ಲಿ ಸಣ್ಣದೊಂದು ಪ್ರಕಟಣೆ ಹಾಕಿಸಿ: ಇಂಥವರಿಗೆ ಸಾಲ ಕೊಟ್ಟವರು ಅಸಲು ದಾಖಲೆ ಸಹಿತ ಇಂತಿಷ್ಟು ದಿನದೊಳಗೆ ತಿಳಿಸಬೇಕು. ಆ ಪುಟವನ್ನು ಕತ್ತರಿಸದೆ, ದಿನಾಂಕ ಕಾಣುವಂತೆ ಇಡಿ ಹಾಳೆಯನ್ನೇ ಕಡತದಲ್ಲಿಡಿ.